ಐವತ್ತೇಳು ಸಾವಿರ ಚಿತ್ರ, ಮೂರೇ ಆಣೆ

ಮುಂಬೈಯಲ್ಲಿ ಜನ ಮುಗಿಬಿದ್ದು ನೋಡಿದ ‘ರಾಜಾ ಹರಿಶ್ಚಂದ್ರ’ ಸೂರತ್‌ಗೆ ಹೋದಾಗ ಮೊದಲ ಆಟಕ್ಕೆ ಗಲ್ಲಾಪೆಟ್ಟಿಗೆಗೆ ಬಿದ್ದದ್ದು ಬರೀ ಮೂರು ರೂಪಾಯಿ ಎಂದು ಹೇಳುವುದುಂಟು. ರಾತ್ರಿಯಿಡೀ ನಾಟಕ ನೋಡಿ ಅಭ್ಯಾಸವಾದ ಜನ ಅಲ್ಲಿಯವರು. ಕೂತು ಬೆನ್ನು ಬಿಸಿಯಾಗುವಷ್ಟರಲ್ಲಿ ಮುಗಿದುಹೋಗುವ ಆಟಕ್ಕೆ ಅದೇ ದುಡ್ಡು ಯಾಕೆ ಕೊಡಬೇಕು? ಆಟವನ್ನು ಉದ್ದ ಮಾಡಿ, ಇಲ್ಲವೇ ಟಿಕೆಟ್ ದರ ಇಳಿಸಿ ಎಂದು ಥಿಯೇಟರಿನವರು ಪಟ್ಟು ಹಿಡಿದರು. ದಾದಾಸಾಹೇಬ್ ಫಾಲ್ಕೆ ಎರಡಕ್ಕೂ ಒಪ್ಪದೆ ಜಾಹೀರಾತನ್ನು ಬದಲಿಸಿದರು. ಐವತ್ತೇಳು ಸಾವಿರ ಫೋಟೋಗಳ ಪ್ರದರ್ಶನ, ಎರಡು ಮೈಲಿ ಉದ್ದದ ಚಿತ್ರ, ಎಲ್ಲಾ ಸೇರಿ ಮೂರೇ ಆಣೆ! ಜನ ನುಗ್ಗಿದರು.

ಈ ಲೆಕ್ಕವನ್ನು ಒಮ್ಮೆ ತಾಳೆ ನೋಡಬೇಕು. 35 ಮಿಲಿಮೀಟರ್ ಫಿಲ್ಮಿನಲ್ಲಿ ಅಡಿಗೆ ಹದಿನಾರು ಚೌಕಟ್ಟು. ‘ರಾಜಾ ಹರಿಶ್ಚಂದ್ರ’ದ ಉದ್ದ ಸುಮಾರು 3,700 ಅಡಿ. ಗುಣಿಸಿದರೆ ಐವತ್ತೊಂಬತ್ತು ಸಾವಿರದ ಆಸುಪಾಸು ಬರುತ್ತದೆ. ಅಂದರೆ ಐವತ್ತೇಳು ಸಾವಿರ ಎಂದದ್ದರಲ್ಲಿ ಮೋಸವಿಲ್ಲ, ಒಂದೆರಡು ಸಾವಿರ ಬಿಟ್ಟುಕೊಟ್ಟೇ ಹೇಳಿದ್ದಾರೆ. ಎರಡು ಮೈಲಿ ಮಾತ್ರ ಶುದ್ಧ ಬುರುಡೆ. 3,700 ಅಡಿ ಮುಕ್ಕಾಲು ಮೈಲಿಯನ್ನೂ ಮುಟ್ಟುವುದಿಲ್ಲ. ಅರ್ಧ ಕಾರ್ಖಾನೆಯ ಲೆಕ್ಕಪತ್ರ, ಅರ್ಧ ಜಾತ್ರೆಯ ಕೂಗು. ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರ ತೆಗೆದ ಮನುಷ್ಯನ ಸ್ವಭಾವ ಈ ಒಂದು ಜಾಹೀರಾತಿನಲ್ಲೇ ಸಿಕ್ಕಿಬಿಡುತ್ತದೆ.

ಆ ಸ್ವಭಾವವನ್ನು ಸರಿಯಾಗಿ ಹಿಡಿದ ಸಿನಿಮಾ ಬರಲು ತೊಂಬತ್ತಾರು ವರ್ಷ ಬೇಕಾಯಿತು. ಮರಾಠಿ ರಂಗಭೂಮಿಯಿಂದ ಬಂದ ಪರೇಶ್ ಮೋಕಾಶಿ ತಮ್ಮ ಮೊದಲ ಚಿತ್ರವಾಗಿ 2009ರಲ್ಲಿ ‘ಹರಿಶ್ಚಂದ್ರಾಚಿ ಫ್ಯಾಕ್ಟರಿ’ ಮಾಡಿದರು. ಬಾಪು ವಾಟವೆ ಬರೆದ ಫಾಲ್ಕೆ ಜೀವನಚರಿತ್ರೆ ಅದಕ್ಕೆ ಪ್ರೇರಣೆ. ನಂದು ಮಾಧವ್ ಫಾಲ್ಕೆಯಾದರೆ ವಿಭಾವರಿ ದೇಶಪಾಂಡೆ ಅವರ ಹೆಂಡತಿ ಸರಸ್ವತಿಬಾಯಿ. ಆ ವರ್ಷ ಆಸ್ಕರ್‌ಗೆ ಭಾರತ ಕಳಿಸಿದ್ದು ಇದನ್ನೇ. ‘ಶ್ವಾಸ್’ ನಂತರ ಆ ಮಟ್ಟಕ್ಕೆ ಹೋದ ಎರಡನೆಯ ಮರಾಠಿ ಚಿತ್ರ. ಥಿಯೇಟರುಗಳಿಗೆ ಬಂದದ್ದು 2010ರ ಜನವರಿ ಕೊನೆಗೆ.

ಮೂಕಿ ಕಾಲದ ಸಿನಿಮಾ ತಯಾರಿಕೆಯ ಬಗ್ಗೆ ಬಂದ ಸಿನಿಮಾಗಳನ್ನು ಪಟ್ಟಿ ಮಾಡಹೊರಟರೆ ಮೊದಲು ನೆನಪಾಗುವುದು ಹಾಲಿವುಡ್. ಅಲ್ಲಿಯವರಿಗೆ ಆ ಕಾಲದ ಕೊನೆಯ ಮೇಲೇ ಕಣ್ಣು. ‘ಸಿಂಗಿಂಗ್ ಇನ್ ದ ರೇನ್’ನಲ್ಲಿ (1952) ಮೈಕ್ರೋಫೋನ್ ಬಂದು ಕೀಚಲು ದನಿಯ ನಾಯಕಿಯ ಬಂಡವಾಳ ಬಯಲಾಗುತ್ತದೆ. ‘ಸನ್‌ಸೆಟ್ ಬುಲೆವಾರ್ಡ್’ನಲ್ಲಿ (1950) ಮರೆತುಹೋದ ತಾರೆ ತನ್ನ ಹಳೆಯ ಬಂಗಲೆಯಲ್ಲಿ ಹುಚ್ಚಿಯಾಗುತ್ತಾಳೆ. ಫ್ರೆಂಚರು ತೆಗೆದ ‘ದಿ ಆರ್ಟಿಸ್ಟ್’ (2011), ಹಾಲಿವುಡ್‌ನದೇ ‘ಬ್ಯಾಬಿಲಾನ್’ (2022) ಎರಡೂ ಅದೇ ಗಾಯವನ್ನು ಬೇರೆ ಬೇರೆ ಥರ ಕೆದಕಿದವು. ಫ್ರಾನ್ಸಿನ ಮೂಕಿ ಚಿತ್ರಕಾರ ಮೆಲಿಯೆಯನ್ನು ನೆನೆದ ‘ಹ್ಯೂಗೊ’ (2011) ಕೂಡ ಶುರುವಾಗುವುದು ಅವನು ಸೋತು ರೈಲು ನಿಲ್ದಾಣದಲ್ಲಿ ಆಟಿಕೆ ಮಾರುತ್ತಿರುವಾಗ. ಮಾತು ಬಂತು, ಬದುಕು ಹೋಯಿತು ಎಂಬುದೇ ಹೆಚ್ಚಿನವುಗಳ ಪಲ್ಲವಿ.

ಮೋಕಾಶಿ ಹಿಡಿದದ್ದು ಇನ್ನೊಂದು ತುದಿಯನ್ನು. ಅವರ ಚಿತ್ರದಲ್ಲಿ ಏನೂ ಮುಗಿಯುತ್ತಿಲ್ಲ, ಎಲ್ಲವೂ ಈಗಷ್ಟೇ ಶುರುವಾಗುತ್ತಿದೆ. ಮನೆಯ ಸಾಮಾನು ಒಂದೊಂದಾಗಿ ಮಾರಾಟವಾಗುತ್ತಿದ್ದರೂ ಮಕ್ಕಳು ಕುಣಿಯುತ್ತಾರೆ. ಅಕ್ಕಪಕ್ಕದವರು ಈ ಮನುಷ್ಯನಿಗೆ ತಲೆ ಕೆಟ್ಟಿದೆ ಎಂದುಕೊಂಡರೆ ಅದೂ ನಗೆಯ ವಸ್ತು. ಕ್ಯಾಮೆರಾ ಹೆಚ್ಚಿನ ಕಡೆ ಅಲುಗಾಡದೆ ನಿಂತು ನೋಡುತ್ತದೆ, ಆ ಕಾಲದ ಕ್ಯಾಮೆರಾದಂತೆಯೇ. ಬಡತನವನ್ನು ಇಷ್ಟು ಲಘುವಾಗಿ ತೆಗೆದುಕೊಳ್ಳಬಹುದೇ ಎಂದು ತಕರಾರು ಎತ್ತಿದವರಿದ್ದಾರೆ. ನನ್ನ ಮಟ್ಟಿಗೆ ಆ ಲಘುತ್ವವೇ ಚಿತ್ರದ ಸತ್ಯ. ಅದರ ಬೇರು ಎಲ್ಲಿದೆ ಎಂಬುದು ಮುಂದೆ ಬರುತ್ತದೆ.

ಫಾಲ್ಕೆ ಹುಟ್ಟಿದ್ದು 1870ರಲ್ಲಿ, ತ್ರ್ಯಂಬಕೇಶ್ವರದಲ್ಲಿ. ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್, ಬರೋಡದ ಕಲಾಭವನ, ಗೋಧ್ರಾದಲ್ಲೊಂದು ಫೋಟೋ ಸ್ಟುಡಿಯೊ, ಪುರಾತತ್ವ ಇಲಾಖೆಯಲ್ಲಿ ನಕ್ಷೆಗಾರನ ಕೆಲಸ, ಕಲ್ಲಚ್ಚಿನ ಮುದ್ರಣ, ನಡುನಡುವೆ ಜಾದೂ. ನಲವತ್ತು ದಾಟುವ ಹೊತ್ತಿಗೆ ಪಾಲುದಾರರೊಂದಿಗೆ ಜಗಳವಾಡಿ ಮುದ್ರಣಾಲಯ ಬಿಟ್ಟಾಗಿತ್ತು. ಆಗಲೇ ಗಿರ್‌ಗಾಂವ್‌ನ ‘ಅಮೆರಿಕಾ ಇಂಡಿಯಾ ಪಿಕ್ಚರ್ ಪ್ಯಾಲೇಸ್’ನಲ್ಲಿ ಅವರು ಕ್ರಿಸ್ತನ ಜೀವನದ ಚಿತ್ರ ನೋಡಿದ್ದು. ಪರದೆಯ ಮೇಲೆ ಏಸು ನಡೆಯುತ್ತಿದ್ದರೆ ಇವರ ಕಣ್ಣಿಗೆ ರಾಮ, ಕೃಷ್ಣರು ಕಂಡರಂತೆ. ಅಲ್ಲಿಂದ ಸಿನಿಮಾ ನೋಡುವುದೇ ಕೆಲಸವಾಗಿ, ನಿದ್ದೆಗೆಟ್ಟು, ಕೆಲಕಾಲ ದೃಷ್ಟಿಯೇ ಹೋಗಿತ್ತು. ವೈದ್ಯರ ಉಪಚಾರದಿಂದ ಮರಳಿ ಬಂತು.

ಮುಂದೆ ವಿಮಾ ಪಾಲಿಸಿಗಳನ್ನು ಅಡವಿಟ್ಟು 1912ರ ಫೆಬ್ರವರಿಯಲ್ಲಿ ಲಂಡನ್. ‘ಬಯೋಸ್ಕೋಪ್’ ಪತ್ರಿಕೆಯ ಕಚೇರಿಗೆ ಸೀದಾ ನುಗ್ಗಿ ಸಂಪಾದಕರ ಪರಿಚಯ ಮಾಡಿಕೊಂಡರು. ಅವರ ಮೂಲಕ ಸೆಸಿಲ್ ಹೆಪ್‌ವರ್ತ್ ಅವರ ಸ್ಟುಡಿಯೊ ನೋಡಿ, ಒಂದು ವಿಲಿಯಮ್ಸನ್ ಕ್ಯಾಮೆರಾ ಮತ್ತು ಫಿಲ್ಮಿಗೆ ತೂತು ಹೊಡೆಯುವ ಯಂತ್ರ ಖರೀದಿಸಿ ಏಪ್ರಿಲ್ ಹೊತ್ತಿಗೆ ವಾಪಸು. ದುಡ್ಡು ಹಾಕುವವರಿಗೆ ನಂಬಿಕೆ ಬರಬೇಕಲ್ಲ? ಕುಂಡದಲ್ಲಿ ಬಟಾಣಿ ಕಾಳು ನೆಟ್ಟು, ಅದು ಮೊಳೆತು ಬಳ್ಳಿಯಾಗುವುದನ್ನು ದಿನವೂ ಒಂದಿಷ್ಟಿಷ್ಟೇ ಚೌಕಟ್ಟು ತೆಗೆದು ಸೇರಿಸಿದರು. ವಾರಗಟ್ಟಲೆಯ ಬೆಳವಣಿಗೆ ಸುಮಾರು ಒಂದು ನಿಮಿಷದಲ್ಲಿ ಪರದೆಯ ಮೇಲೆ. ನೋಡಿದವರು ಸಾಲ ಕೊಡಲು ಒಪ್ಪಿದರು. ನಮ್ಮ ಚಿತ್ರೋದ್ಯಮಕ್ಕೆ ಬಂಡವಾಳ ತಂದದ್ದು ನಾಯಕನೂ ಅಲ್ಲ, ನಾಯಕಿಯೂ ಅಲ್ಲ, ಒಂದು ಬಟಾಣಿ ಗಿಡ.

ಈಗ ಆ ತೂತಿನ ವಿಷಯ. ಅದರಲ್ಲೇ ಆ ಕಾಲದ ಸಿನಿಮಾ ಏನಾಗಿತ್ತು ಎಂಬುದೆಲ್ಲ ಇದೆ.

ಫಾಲ್ಕೆ ತರಿಸುತ್ತಿದ್ದ ಕಚ್ಚಾ ಫಿಲ್ಮಿಗೆ ಅಂಚಿನ ತೂತುಗಳಿರುತ್ತಿರಲಿಲ್ಲ. ತೂತಿಲ್ಲದಿದ್ದರೆ ಕ್ಯಾಮೆರಾದೊಳಗಿನ ಹಲ್ಲುಗಳು ಫಿಲ್ಮನ್ನು ಹಿಡಿದು ಎಳೆಯಲಾರವು. ಪ್ರತಿ ಚೌಕಟ್ಟಿಗೆ ಈ ಅಂಚಿನಲ್ಲಿ ನಾಲ್ಕು, ಆ ಅಂಚಿನಲ್ಲಿ ನಾಲ್ಕು. ಅಂತರ ಕೂದಲೆಳೆಯಷ್ಟು ತಪ್ಪಿದರೂ ಪರದೆಯ ಮೇಲೆ ಹರಿಶ್ಚಂದ್ರ ಮಹಾರಾಜ ಗಡಗಡ ನಡುಗುತ್ತಾನೆ. ಐವತ್ತೇಳು ಸಾವಿರ ಚಿತ್ರಕ್ಕೆ ಎಂಟರಂತೆ ನಾಲ್ಕೂವರೆ ಲಕ್ಷಕ್ಕೂ ಮೀರಿದ ತೂತು. ಇದು ನೆಗೆಟಿವ್ ಒಂದರ ಲೆಕ್ಕ. ಕತ್ತರಿಸಿ ಬಿಸಾಡಿದ್ದು, ಮತ್ತೆ ತೆಗೆದದ್ದು, ಪ್ರಿಂಟು ಹಾಕಲು ಬೇಕಾದ ಫಿಲ್ಮು ಇವೆಲ್ಲ ಬೇರೆ. ಯಂತ್ರ ಇದ್ದರೂ ಅದಕ್ಕೆ ಫಿಲ್ಮು ಉಣಿಸಲು ಒಬ್ಬರ ಕೈ ಬೇಕು, ಅದೂ ಕತ್ತಲಲ್ಲಿ. ಬೆಳಕು ಸೋಕಿದರೆ ಸುರುಳಿಯೇ ಹಾಳು. ಬೆರಳ ತುದಿಯಲ್ಲೇ ಅಂಚು ಹುಡುಕಬೇಕು, ಜಾರದಂತೆ ಹಿಡಿಯಬೇಕು, ನಡುವೆ ಬೆರಳು ಸಿಕ್ಕಿಹಾಕಿಕೊಳ್ಳದಂತೆಯೂ ನೋಡಿಕೊಳ್ಳಬೇಕು.

ದಾದರ್‌ನ ಆ ಮನೆಯಲ್ಲಿ ಈ ಕೆಲಸ ಸರಸ್ವತಿಬಾಯಿಯದು. ಹಗಲಿಡೀ ಅರವತ್ತು ಎಪ್ಪತ್ತು ಜನರಿಗೆ ಅಡುಗೆ. ಚಿತ್ರೀಕರಣದ ಹೊತ್ತಿಗೆ ಬಿಳಿ ಬಟ್ಟೆ ಅಗಲಿಸಿ ಹಿಡಿದು ಬಿಸಿಲನ್ನು ನಟರ ಮುಖದತ್ತ ತಿರುಗಿಸುವುದು. ರಾತ್ರಿ ಮಕ್ಕಳು ಮಲಗಿದ ಮೇಲೆ ಫಿಲ್ಮಿಗೆ ತೂತು, ಆಮೇಲೆ ರಾಸಾಯನಿಕಗಳನ್ನು ಬೆರೆಸಿ ತೊಳೆಯುವುದು. ಕೈಯಲ್ಲಿದ್ದ ಒಡವೆಗಳೂ ಹೋದವು. ತಾರಾಮತಿಯ ಪಾತ್ರಕ್ಕೆ ಹೆಂಗಸರೇ ಸಿಗದಾಗ ಫಾಲ್ಕೆ ಕೊನೆಗೆ ಹೆಂಡತಿಯನ್ನೇ ಕೇಳಿದರಂತೆ. ಇಷ್ಟೆಲ್ಲ ಯಾರು ನೋಡಿಕೊಳ್ಳಬೇಕು ಎಂದು ಆಕೆ ಒಲ್ಲೆ ಎಂದರು. ನ್ಯಾಯವಾದ ಪ್ರಶ್ನೆ. ಆಕೆ ಬಣ್ಣ ಹಚ್ಚಿಕೊಂಡು ಕೂತಿದ್ದರೆ ತಾರಾಮತಿ ಸಿಗುತ್ತಿದ್ದಳು, ಸಿನಿಮಾ ಸಿಗುತ್ತಿರಲಿಲ್ಲ.

ವಿಭಾವರಿ ದೇಶಪಾಂಡೆ ಈ ಪಾತ್ರವನ್ನು ಮಾಡಿರುವ ರೀತಿ ನನಗೆ ಚಿತ್ರದ ನಾಯಕನಿಗಿಂತ ಹೆಚ್ಚು ಇಷ್ಟ. ತ್ಯಾಗಮಯಿ ಪತ್ನಿಯ ಕಣ್ಣೀರು ಎಲ್ಲೂ ಇಲ್ಲ. ಗಂಡನ ಹುಚ್ಚಿನಲ್ಲಿ ತನಗೂ ಪಾಲಿದೆ ಎಂಬ ಕುತೂಹಲ, ಯಂತ್ರ ಹೇಗೆ ಓಡುತ್ತದೆ ಎಂದು ಬಗ್ಗಿ ನೋಡುವ ತವಕ ಇದೆ. ಸಿನಿಮಾದ ಹೆಸರುಗಳ ಪಟ್ಟಿಯಲ್ಲಿ ಆಗ ಆಕೆಗೆ ಜಾಗವಿರಲಿಲ್ಲ. ಮೋಕಾಶಿ ಕೊಟ್ಟಿದ್ದಾರೆ. ಸೋವಿಯತ್ ದೇಶದ ಜಿಗಾ ವರ್ಟೋವ್ 1929ರ ‘ಮ್ಯಾನ್ ವಿಥ್ ಎ ಮೂವಿ ಕ್ಯಾಮೆರಾ’ದಲ್ಲಿ ಎಡಿಟಿಂಗ್ ಮೇಜಿನ ಮುಂದೆ ಕೂತ ತನ್ನ ಹೆಂಡತಿ ಸ್ವಿಲೋವಾಳನ್ನೇ ತೋರಿಸುತ್ತಾನೆ. ಫಿಲ್ಮಿನ ತುಂಡು ನಿಂತುಬಿಡುತ್ತದೆ, ಆಕೆಯ ಕೈ ಅದನ್ನು ಜೋಡಿಸುತ್ತದೆ, ಮತ್ತೆ ಓಡುತ್ತದೆ. ಮೂಕಿ ಕಾಲದ ಬಗ್ಗೆ ಬಂದ ಚಿತ್ರಗಳಲ್ಲಿ ಒಳ್ಳೆಯವು ಹೀಗೆ ಕೈಗಳನ್ನು ತೋರಿಸಿದವು. ತಾರೆಯರ ಮುಖ ತೋರಿಸುವ ಚಿತ್ರಗಳಿಗೆ ಬರವಿಲ್ಲ.

ಗಂಡಸರ ಪಾಡು ಬೇರೆಯೇ. ನಟಿಯರಿಗಾಗಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೂ, ವೇಶ್ಯೆಯರ ಮನೆ ಬಾಗಿಲಿಗೆ ಹೋಗಿ ಕೇಳಿದರೂ ಯಾರೂ ಬರಲಿಲ್ಲ. ನಾಟಕದಲ್ಲಿ ನಟಿಸಿದರೆ ಆದೀತು, ಈ ಡಬ್ಬಿಯ ಮುಂದೆ ಆಗದು! ಕೊನೆಗೆ ಗ್ರ್ಯಾಂಟ್ ರೋಡಿನ ಖಾನಾವಳಿಯೊಂದರಲ್ಲಿ ಅಡುಗೆ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಸಪೂರ ಬೆರಳುಗಳ ಹುಡುಗ ಕಣ್ಣಿಗೆ ಬಿದ್ದ. ಅಲ್ಲಿ ಸಂಬಳ ಹತ್ತು ರೂಪಾಯಿ. ಫಾಲ್ಕೆ ಹದಿನೈದು ಕೊಡುತ್ತೇನೆಂದರು. ಐದು ರೂಪಾಯಿಯ ಆಸೆಗೆ ಭಾರತಕ್ಕೆ ಅದರ ಮೊದಲ ನಾಯಕಿ ಸಿಕ್ಕಿದಳು. 1917ರ ‘ಲಂಕಾ ದಹನ’ದಲ್ಲಿ ಇದೇ ಸಾಳುಂಕೆ ರಾಮನೂ ಹೌದು, ಸೀತೆಯೂ ಹೌದು. ಉಳಿದ ಸ್ತ್ರೀ ಪಾತ್ರಧಾರಿಗಳದು ಮೀಸೆಯ ತಕರಾರು. ಅಪ್ಪ ಸತ್ತಾಗ ಮೀಸೆ ಬೋಳಿಸುವುದು ಪದ್ಧತಿ, ಅಪ್ಪ ಗುಂಡುಕಲ್ಲಿನ ಹಾಗೆ ಬದುಕಿರುವಾಗ ಬೋಳಿಸುವುದೆಂತು? ನಮ್ಮ ಕಂಪನಿ ನಾಟಕಗಳ ಊರುಗಳಲ್ಲಿ ಬೆಳೆದವರಿಗೆ ಈ ಜಗಳವನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಿನಿಮಾದಲ್ಲಿ ಕೆಲಸ ಅಂದರೆ ಮರ್ಯಾದೆ ಹೋದಂತೆ. ಯಾರಾದರೂ ಕೇಳಿದರೆ ಹರಿಶ್ಚಂದ್ರ ಎಂಬುವವರ ಫ್ಯಾಕ್ಟರಿಯಲ್ಲಿ ಕೆಲಸ ಎಂದು ಹೇಳಿ ಎಂದು ಫಾಲ್ಕೆಯೇ ತಂಡದವರಿಗೆ ಹೇಳಿಕೊಟ್ಟಿದ್ದರು. ಮೋಕಾಶಿಯ ಚಿತ್ರದ ಹೆಸರು ಬಂದದ್ದು ಇಲ್ಲಿಂದ. ಹೊರಾಂಗಣಕ್ಕೆ ಮುಂಬೈ ಆಚೆಯ ವಾಂಗಣಿಗೆ ಹೋದಾಗ ಆ ಸುಳ್ಳೂ ನಡೆಯಲಿಲ್ಲ. ಕತ್ತಿ ಗುರಾಣಿ ಹಿಡಿದು ಬಂದ ಗುಂಪನ್ನು ಕಂಡು ಹಳ್ಳಿಯವರು ದರೋಡೆಕೋರರೆಂದು ದೂರು ಕೊಟ್ಟರು. ತಂಡ ಪೊಲೀಸರ ಕೈಗೆ ಸಿಕ್ಕಿಬಿತ್ತು. ಫಾಲ್ಕೆ ಬಂದು, ಫಿಲ್ಮು ಹಾಕದೆಯೇ ಕ್ಯಾಮೆರಾ ಹಿಡಿ ತಿರುಗಿಸಿ, ಹೀಗೆ ಹೀಗೆ ಎಂದು ಆಡಿ ತೋರಿಸಿ ಬಿಡಿಸಿಕೊಂಡರು. 1913ರ ಏಪ್ರಿಲ್ 21ರಂದು ಗ್ರ್ಯಾಂಟ್ ರೋಡಿನ ಒಲಿಂಪಿಯಾದಲ್ಲಿ ಆಹ್ವಾನಿತರಿಗೆ, ಮೇ 3ರಂದು ಗಿರ್‌ಗಾಂವ್‌ನ ಕಾರೋನೇಷನ್‌ನಲ್ಲಿ ಸಾರ್ವಜನಿಕರಿಗೆ ಆಟ. ಇದೇ ಕಾರೋನೇಷನ್‌ನಲ್ಲಿ ಹಿಂದಿನ ವರ್ಷ ತೋರ್ಣೆಯವರ ‘ಪುಂಡಲೀಕ’ ಬಂದಿತ್ತು. ಅದು ಆಡುತ್ತಿದ್ದ ನಾಟಕವನ್ನು ಹಾಗೆಯೇ ತೆಗೆದದ್ದು ಎಂಬ ಕಾರಣಕ್ಕೆ ಮೊದಲ ಪಟ್ಟ ಫಾಲ್ಕೆಗೆ ಹೋಯಿತು. ಆ ವಾದ ಇನ್ನೂ ತಣ್ಣಗಾಗಿಲ್ಲ.

ಇಷ್ಟೊಂದು ಸಂಗತಿ, ಇಷ್ಟೊಂದು ತಮಾಷೆ ನಮಗೆ ಹೇಗೆ ಉಳಿದು ಬಂತು? ಬಹುಪಾಲು ಫಾಲ್ಕೆಯವರೇ ಹೇಳಿಟ್ಟರು. 1917–18ರಲ್ಲಿ ಮರಾಠಿಯ ‘ನವಯುಗ’ ಪತ್ರಿಕೆಗೆ ಲೇಖನಮಾಲೆ ಬರೆದರು. ಅಷ್ಟೇ ಅಲ್ಲ, 1917ರ ಹೊತ್ತಿಗೆ ಚಿತ್ರಗಳನ್ನು ಹೇಗೆ ತಯಾರಿಸುತ್ತಾರೆ ಎಂಬುದನ್ನೇ ವಸ್ತುವಾಗಿಸಿ ಒಂದು ಕಿರುಚಿತ್ರ ತೆಗೆದರು. ಅದರಲ್ಲಿ ನಟರಿಗೆ ಹೇಳಿಕೊಡುವವರು ಅವರೇ, ಫಿಲ್ಮು ತೊಳೆಯುವವರು ಅವರೇ, ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ ಕತ್ತರಿಸುವವರೂ ಅವರೇ. ಅದರ ತುಣುಕು ಇಂದಿಗೂ ಉಳಿದಿದೆ. ಸಿನಿಮಾ ತಯಾರಿಕೆಯ ಬಗ್ಗೆ ಭಾರತದಲ್ಲಿ ಬಂದ ಸಿನಿಮಾಗಳ ಸಾಲು ಶುರುವಾಗುವುದೇ ಈ ತುಣುಕಿನಿಂದ. ಜಾದೂಗಾರನೊಬ್ಬ ತನ್ನ ಕೈಚಳಕವನ್ನು ತಾನೇ ಬಿಚ್ಚಿ ತೋರಿಸಿ ಮತ್ತಷ್ಟು ಚಪ್ಪಾಳೆ ಗಿಟ್ಟಿಸಿದ ಹಾಗೆ. ಮೋಕಾಶಿಯ ಹಗುರ ಧಾಟಿಯ ಬೇರು ಇರುವುದು ಇಲ್ಲಿ. ಅವರು ಫಾಲ್ಕೆಯ ಕಥೆಯನ್ನು ಫಾಲ್ಕೆಯ ದನಿಯಲ್ಲೇ ಹೇಳಿದ್ದಾರೆ.

ಅದರಲ್ಲೊಂದು ಅಪಾಯವೂ ಇದೆ. ತನ್ನ ಕಥೆ ತಾನೇ ಹೇಳುವವನು ಗೆದ್ದ ದಿನಗಳಲ್ಲೇ ಕಥೆ ನಿಲ್ಲಿಸುತ್ತಾನೆ. ಮೋಕಾಶಿಯ ಚಿತ್ರವೂ 1914ರ ಲಂಡನ್ ಪ್ರವಾಸದ ಸುತ್ತಲಿನ ಗೆಲುವಿನ ದಿನಗಳಲ್ಲೇ ಮುಗಿಯುತ್ತದೆ. ಆಮೇಲಿನದು ಕಹಿ. 1918ರಲ್ಲಿ ಪಾಲುದಾರರ ಜೊತೆ ಕಟ್ಟಿದ ಹಿಂದುಸ್ತಾನ್ ಸಿನಿಮಾ ಫಿಲ್ಮ್ಸ್ ಕಂಪನಿ, ಅಲ್ಲಿಯೂ ಜಗಳ, ಬೇಸತ್ತು ಕಾಶಿಗೆ ಪಯಣ. ಅಲ್ಲಿ ಕೂತು ‘ರಂಗಭೂಮಿ’ ಎಂಬ ನಾಟಕ ಬರೆದರು. 1937ರ ‘ಗಂಗಾವತರಣ’ ಅವರ ಒಂದೇ ಒಂದು ಟಾಕಿ. 1944ರ ಫೆಬ್ರವರಿ 16ರಂದು ನಾಸಿಕ್‌ನಲ್ಲಿ ತೀರಿಕೊಂಡಾಗ ಸಿನಿಮಾ ಲೋಕ ಅವರನ್ನು ಮರೆತಾಗಿತ್ತು. ಈ ಕಾಶಿಯ ಅಧ್ಯಾಯದ ಬೆನ್ನು ಹತ್ತಿದವರು ‘ಓಂ ದರ್-ಬ-ದರ್’ನ ಕಮಲ್ ಸ್ವರೂಪ್. ಅವರ ‘ರಂಗಭೂಮಿ’ 2013ರ ಸಾಲಿನಲ್ಲಿ ಅತ್ಯುತ್ತಮ ಕಥೇತರ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಮೋಕಾಶಿಯ ಚಿತ್ರ ನೋಡಿ ನಕ್ಕವರು ಇದನ್ನೂ ನೋಡಬೇಕು. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

ಇನ್ನೊಂದು ಚಿತ್ರವನ್ನು ಇದೇ ಸಾಲಿಗೆ ಸೇರಿಸುತ್ತೇನೆ. 1913ರಲ್ಲೇ ಫಾಲ್ಕೆಯ ಎರಡನೆಯ ಚಿತ್ರ ‘ಮೋಹಿನಿ ಭಸ್ಮಾಸುರ’ಕ್ಕೆ ದುರ್ಗಾಬಾಯಿ ಕಾಮತ್ ಮತ್ತು ಮಗಳು ಕಮಲಾಬಾಯಿ ಬಂದು, ಆ ಚಿತ್ರದ ಮಟ್ಟಿಗಾದರೂ ಗಂಡಸರ ಸೀರೆ ಬಿಚ್ಚಿಸಿದರು. ಸುಮಾರು ಎಂಟು ದಶಕ ಕಳೆದ ಮೇಲೆ ರೀನಾ ಮೋಹನ್ ಆ ಕಮಲಾಬಾಯಿ ಗೋಖಲೆಯನ್ನು ಹುಡುಕಿ ಕ್ಯಾಮೆರಾದ ಮುಂದೆ ಕೂರಿಸಿ ‘ಕಮಲಾಬಾಯಿ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ತೊಂಬತ್ತರ ಆಸುಪಾಸಿನ ಮುದುಕಿ. ನಟ ವಿಕ್ರಮ್ ಗೋಖಲೆಗೆ ಅಜ್ಜಿ.

ಮುಂಬೈ ಇಪ್ಪತ್ತರ ದಶಕಕ್ಕೆ ಕಾಲಿಡುವ ಹೊತ್ತಿಗೆ ಮನೆಯ ಉದ್ಯೋಗ ನಿಜವಾಗಿಯೂ ಫ್ಯಾಕ್ಟರಿಯಾಯಿತು. ದಾದರ್‌ನಲ್ಲಿ ಕೊಹಿನೂರ್, ಆಮೇಲೆ ಇಂಪೀರಿಯಲ್, 1929ರಲ್ಲಿ ರಂಜಿತ್. ಸಿನಿಮಾದವರ ಬದುಕೇ ಸಿನಿಮಾ ಕಥೆಯಾಗುವಷ್ಟು ಜನರ ಕುತೂಹಲ ಬೆಳೆದಿತ್ತು. 1925ರಲ್ಲಿ ಮೋಹನ್ ಭವನಾನಿ ‘ಸಿನಿಮಾ ಕ್ವೀನ್’ ತೆಗೆದರು, ಸುಲೋಚನಾ ಎಂದು ಹೆಸರಾದ ರೂಬಿ ಮೈಯರ್ಸ್ ನಾಯಕಿ. 1930ರಲ್ಲಿ ಇಂಪೀರಿಯಲ್‌ನಿಂದ ‘ಸಿನಿಮಾ ಗರ್ಲ್’ ಬಂತು, ಅದರಲ್ಲಿ ಯುವಕ ಪೃಥ್ವಿರಾಜ್ ಕಪೂರ್. ಮೂಕಿ ಕಾಲವನ್ನು ಮೂಕಿ ಕಾಲದಲ್ಲೇ ಕುಳಿತು ನೋಡಿದ ಚಿತ್ರಗಳು ಇವು.

ಇವನ್ನೆಲ್ಲ ಇಂದು ನೋಡುವಂತಿಲ್ಲ. ಅಂದಿನ ಫಿಲ್ಮು ನೈಟ್ರೇಟಿನದು, ಬೆಂಕಿ ಸೋಕಿದರೆ ಭಗ್ಗೆನ್ನುತ್ತಿತ್ತು. ಸುಡದೆ ಉಳಿದದ್ದರಲ್ಲಿ ಬೆಳ್ಳಿಯ ಅಂಶವಿತ್ತು, ಓಡಿ ಹಳತಾದ ಪ್ರಿಂಟುಗಳನ್ನು ಬೆಳ್ಳಿಗಾಗಿ ಕರಗಿಸಲು ಮಾರಿದರು. ಸಾವಿರಕ್ಕೂ ಮೀರಿದ ಮೂಕಿ ಚಿತ್ರಗಳಲ್ಲಿ ಉಳಿದವು ಬೆರಳೆಣಿಕೆಯವು. ಅಷ್ಟಾದರೂ ಉಳಿದಿದ್ದರೆ ಅದಕ್ಕೆ ಪುಣೆಯ ಫಿಲ್ಮ್ ಆರ್ಕೈವ್ ಕಟ್ಟಿದ ಪಿ.ಕೆ. ನಾಯರ್ ಕಾರಣ. ಫಾಲ್ಕೆ ಚಿತ್ರಗಳ ತುಣುಕುಗಳನ್ನು ಹುಡುಕಿ ತಂದವರು ಅವರು. ಅವರ ಕಥೆಯೂ ಶಿವೇಂದ್ರ ಸಿಂಗ್ ಡುಂಗರ್‌ಪುರ್ ಕೈಯಲ್ಲಿ ‘ಸೆಲ್ಯುಲಾಯ್ಡ್ ಮ್ಯಾನ್’ (2012) ಎಂಬ ಚಿತ್ರವಾಯಿತು. ಪುಣೆಯಲ್ಲಿರುವ ‘ರಾಜಾ ಹರಿಶ್ಚಂದ್ರ’ದ ಎರಡು ರೀಲುಗಳು 1913ರವೋ, 1917ರಲ್ಲಿ ಮತ್ತೆ ತೆಗೆದದ್ದೋ ಎಂಬುದರಲ್ಲೂ ಇತಿಹಾಸಕಾರರಿಗೆ ಒಮ್ಮತವಿಲ್ಲ. ಮೂಲ ಚಿತ್ರವೇ ಸಂಶಯದಲ್ಲಿರುವಾಗ, ಅದನ್ನು ತೆಗೆದ ಕಥೆ ಹೇಳುವ ಚಿತ್ರಕ್ಕೆ ತೂಕ ಹೆಚ್ಚುವುದು ಸಹಜ. ಕೇರಳದಲ್ಲಂತೂ ಜೆ.ಸಿ. ಡ್ಯಾನಿಯಲ್ ಅವರ ಮೂಕಿ ಚಿತ್ರ ‘ವಿಗತಕುಮಾರನ್’ನ ಒಂದು ಚೌಕಟ್ಟೂ ಉಳಿದಿಲ್ಲ. ಮೇಲ್ಜಾತಿಯ ಹೆಂಗಸಿನ ಪಾತ್ರ ಮಾಡಿದ್ದಕ್ಕೆ ಊರು ಬಿಟ್ಟು ಓಡಬೇಕಾದ ದಲಿತ ನಟಿ ರೋಸಿಯ ಮುಖ ಇಂದಿನ ಪ್ರೇಕ್ಷಕರಿಗೆ ಸಿಗುವುದು ಮಲಯಾಳಂ ನಿರ್ದೇಶಕ ಕಮಲ್ ಅವರ ‘ಸೆಲ್ಯುಲಾಯ್ಡ್’ನಲ್ಲಿ (2013). ಅದರಲ್ಲಿ ಮೋಕಾಶಿಯ ನಗೆಗೆ ಜಾಗವೇ ಇಲ್ಲ, ಇರಬಾರದು ಕೂಡ.

ಫಾಲ್ಕೆ ಮನೆಯಿದ್ದ ದಾದರ್ ಪೂರ್ವದ ರಸ್ತೆಗೆ ಈಗ ಅವರದೇ ಹೆಸರು. ರಂಜಿತ್ ಸ್ಟುಡಿಯೊ ಇದ್ದದ್ದೂ ಅದೇ ರಸ್ತೆಯಲ್ಲಿ. ಗೋರೆಗಾಂವ್‌ನ ಫಿಲ್ಮ್ ಸಿಟಿಗೂ ಅವರ ಹೆಸರೇ. ಪೆಡ್ಡರ್ ರೋಡಿನ ಗುಲ್ಷನ್ ಮಹಲ್‌ನಲ್ಲಿ 2019ರಿಂದ ಸಿನಿಮಾ ಮ್ಯೂಸಿಯಂ ತೆರೆದಿದೆ. 1995ರ ಸಾಲಿನ ಫಾಲ್ಕೆ ಪ್ರಶಸ್ತಿ ಡಾ. ರಾಜ್‌ಕುಮಾರ್ ಅವರಿಗೆ ಬಂದಾಗಿನಿಂದ ಈ ಹೆಸರು ಕನ್ನಡಿಗರ ಮನೆಮಾತು. ಆದರೆ ನಮ್ಮ ಮೂಕಿ ಕಾಲದ ಹೆಸರುಗಳು ಅಷ್ಟು ಮನೆಮಾತಾಗಿಲ್ಲ.

ಅವು ಸಣ್ಣ ಹೆಸರುಗಳೇನಲ್ಲ. ‘ಸಿನಿಮಾ ಕ್ವೀನ್’ ತೆಗೆದ ಅದೇ ಮೋಹನ್ ಭವನಾನಿ ಮುಂಬೈಯಿಂದ ಮೈಸೂರು ಸೀಮೆಗೆ ಬಂದು ‘ಮೃಚ್ಛಕಟಿಕ’ವನ್ನು ‘ವಸಂತಸೇನಾ’ ಎಂದು ಮೂಕಿ ಮಾಡಿದರು. ಅದರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ, ಏಣಾಕ್ಷಿ ರಾಮರಾವ್, ಜೊತೆಗೆ ಟಿ.ಪಿ. ಕೈಲಾಸಂ. ಬೆಂಗಳೂರಲ್ಲಿ ಗುಬ್ಬಿ ವೀರಣ್ಣನವರು ಬೆಲ್ಜಿಯಂನ ರಾಫೆಲ್ ಆಲ್ಗೋಟ್ ನಿರ್ದೇಶನದಲ್ಲಿ ‘ಹಿಸ್ ಲವ್ ಅಫೇರ್’ ಮಾಡಿದರು, ವೈ.ವಿ. ರಾವ್ ಕೈಯಲ್ಲಿ ‘ಹರಿಮಾಯಾ’. ಮಾತಿನ ಮಲ್ಲ ಕೈಲಾಸಂ ಅವರನ್ನು ಮಾತೇ ಇಲ್ಲದ ಚಿತ್ರದಲ್ಲಿ ನಿಲ್ಲಿಸಿದವರ ಧೈರ್ಯವನ್ನು ನೆನೆದರೇ ಒಂದು ಚಿತ್ರಕಥೆ ಅರ್ಧ ಮುಗಿಯುತ್ತದೆ. ಫಾಲ್ಕೆ ಬಗ್ಗೆ ಹಿಂದಿಯಲ್ಲಿ ದೊಡ್ಡ ಬಜೆಟ್ಟಿನ ಚಿತ್ರಗಳ ಘೋಷಣೆ ಆಗಿದೆ. ಅವರ ಕೈಯಲ್ಲಿ ಕಾಸಿದೆ, ಮಾಡಿಕೊಳ್ಳಲಿ. ಗುಬ್ಬಿ ಕಂಪನಿಯ ಪರದೆ, ಬೆಲ್ಜಿಯಂನ ನಿರ್ದೇಶಕ, ಕೈಲಾಸಂ ಇವರನ್ನೆಲ್ಲ ಒಂದೇ ಚೌಕಟ್ಟಿಗೆ ತರಲು ಅಷ್ಟು ದುಡ್ಡು ಬೇಕಾಗಲಿಕ್ಕಿಲ್ಲ. ತೆಗೆಯುವವರು ಮೊದಲು ವಿಚಾರಿಸಬೇಕಾದ್ದು ತಾರೆಯರನ್ನಲ್ಲ. ಅಂದು ಫಿಲ್ಮು ತೊಳೆದವರು ಯಾರು, ತಂಡಕ್ಕೆ ಅಡುಗೆ ಮಾಡಿದವರು ಯಾರು ಎಂಬುದನ್ನು.